ಅಡ್ಮಿರಲ್ ಹ್ಯೂಸನೂ ಹೈದರನಿಗೆ ದಕ್ಕದ ಕಡಲೂ

ಮಂಗಳೂರಿನ ಬೋಳೂರಿನಲ್ಲಿ ಗುರುಪುರ ಹೊಳೆಯ ದಡದ ಮೇಲೆ ಕರಿಯ ಕಲ್ಲಿನದೊಂದು ಬುರುಜು ನಿಂತಿದೆ. ಜನರು ಅದನ್ನು ಸುಲ್ತಾನ್ ಬತ್ತೇರಿ ಎಂದು ಕರೆಯುತ್ತಾರೆ. ಶತ್ರುಗಳ ಯುದ್ಧನೌಕೆಗಳು ಹೊಳೆಯ ಬಾಯಿಂದ ಒಳಹೊಗದಂತೆ ಟೀಪೂ ಸುಲ್ತಾನನು 1784ರಲ್ಲಿ ಕಟ್ಟಿಸಿದ ಕಾವಲು ಅದು. ನೋಡಲು ಹೋದವರು ತೋಪಿನ ಕಿಂಡಿಗಳಲ್ಲಿ ಇಣಿಕಿ, ನೀರಿನಾಚೆಯ ತೆಂಗಿನ ಸಾಲನ್ನು ಕಂಡು ಸಂತೋಷಪಟ್ಟು ಹಿಂದಿರುಗುತ್ತಾರೆ. ನಾವೂ ಒಮ್ಮೆ ಹಾಗೆಯೇ ಇಣಿಕಿದೆವು. ಆಗ ನಮಗೊಂದು ಪ್ರಶ್ನೆ ಹುಟ್ಟಿತು. ನೆಲದ ಮೇಲೆ ಆಂಗ್ಲರ ಸೈನ್ಯವನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಯಿಸಿಕೊಂಡು ಬಂದ ಮನೆತನವು ಇಲ್ಲಿ, ತನ್ನದೇ ಹೊಳೆಯ ದಡದಲ್ಲಿ, ಕಲ್ಲಿನ ಮರೆಗೆ ಸರಿದು ಯಾರ ದಾರಿಯನ್ನು ಕಾಯುತ್ತಿತ್ತು?

ಅದಕ್ಕೆ ಉತ್ತರವಾಗಿ ಒಬ್ಬನ ಹೆಸರನ್ನೇ ಹೇಳಬೇಕಾದರೆ, ಅವನು ಸರ್ ಎಡ್ವರ್ಡ್ ಹ್ಯೂಸ್ ಎಂಬ ಆಂಗ್ಲ ನೌಕಾಧಿಪತಿ. ನಮ್ಮ ವಾಚಕರಲ್ಲಿ ಈ ಹೆಸರನ್ನು ಕೇಳಿದವರು ವಿರಳ. ಅದು ಅವರ ತಪ್ಪಲ್ಲ. ನಾವು ಮೆಟ್ರಿಕ್ಯುಲೇಷನ್ ಓದಿದಾಗ ನೆಲ್ಸನ್ನನ ಗಾಯಗಳೂ ಟ್ರಫಾಲ್ಗರಿನ ವರ್ಷವೂ ನಮಗೆ ಕಂಠಪಾಠವಾಗಿದ್ದುವು. ನಮ್ಮ ಮಂಗಳೂರಿನ ರೇವಿನಲ್ಲಿ ಹೈದರನ ಹಡಗುಗಳನ್ನು ಸುಟ್ಟವನು ಯಾರೆಂಬುದನ್ನು ಮಾತ್ರ ಯಾವ ಉಪಾಧ್ಯಾಯರೂ ಕೇಳಲಿಲ್ಲ. ಆದುದರಿಂದ ಈ ಮನುಷ್ಯನ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ. ಇವನು ದೊಡ್ಡ ಶೂರನೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಒಂದು ಯುದ್ಧವನ್ನೂ ಸ್ಪಷ್ಟವಾಗಿ ಗೆಲ್ಲದ ಇವನಿಂದ ಹೈದರನು ಗೆದ್ದುದೆಲ್ಲವೂ ಹೇಗೆ ನಿಷ್ಫಲವಾಯಿತೆಂಬುದೇ ನಮಗೆ ಯೋಚಿಸತಕ್ಕ ವಿಷಯವಾಗಿ ಕಂಡಿದೆ.

ಹ್ಯೂಸನು 1720ರ ಸುಮಾರಿಗೆ ಹುಟ್ಟಿ, 1735ರಲ್ಲಿ, ಇನ್ನೂ ಹುಡುಗನಾಗಿರುವಾಗಲೇ, ಹಡಗು ಹತ್ತಿದನು. 1739ರಲ್ಲಿ ವರ್ನನ್ ಎಂಬ ಅಡ್ಮಿರಲನು ಸ್ಪೇನಿನವರ ಪೋರ್ಟೊಬೆಲ್ಲೊ ಪಟ್ಟಣವನ್ನು ಹಿಡಿದಾಗ ಅಲ್ಲಿದ್ದನು. ಎರಡು ವರ್ಷದ ಮೇಲೆ ಅದೇ ವರ್ನನನು ಕಾರ್ತಹೇನಾ ಕೋಟೆಯ ಮುಂದೆ ಸೋತು, ಸಾವಿರಾರು ಜನರನ್ನು ಜ್ವರಕ್ಕೆ ಬಲಿಕೊಟ್ಟು ಹಿಂದಿರುಗಿದಾಗಲೂ ಅಲ್ಲಿದ್ದನು. ಒಂದೇ ಸೇನಾಪತಿಯ ಕೈಕೆಳಗೆ ಜಯವನ್ನೂ ಅಪಜಯವನ್ನೂ ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನೊಳಗೆ ಕಂಡವನಿಗೆ, ಗುಂಡಿಗಿಂತ ರೋಗವೂ ಹಸಿವೂ ಹೆಚ್ಚು ಜನರನ್ನು ಕೊಲ್ಲುತ್ತವೆಂಬ ಪಾಠವು ಚೆನ್ನಾಗಿ ಮನದಟ್ಟಾಗಿರಬೇಕು. ಮುಂದೆ 1758ರಲ್ಲಿ ಲೂಯಿಸ್‌ಬರ್ಗ್, 1759ರಲ್ಲಿ ಕ್ವಿಬೆಕ್, ಹೀಗೆ ಅಮೆರಿಕದ ಯುದ್ಧಗಳಲ್ಲಿ ಸೇವೆಮಾಡಿದನು. ಎಲ್ಲಿಯೂ ಹೆಸರು ಕೆಡಿಸಿಕೊಳ್ಳಲಿಲ್ಲ. ಎಲ್ಲಿಯೂ ವಿಶೇಷವಾಗಿ ಹೆಸರು ಗಳಿಸಲೂ ಇಲ್ಲ.

1773ರಲ್ಲಿ ಪೂರ್ವದೇಶದ ನೌಕಾಪಡೆಯ ಅಧಿಕಾರವು ಅವನಿಗೆ ದೊರೆಯಿತು. ಆ ಪ್ರಯಾಣದ ಒಂದು ಸಂಗತಿ ಸ್ವಾರಸ್ಯವಾಗಿದೆ. ಅವನ ಜೊತೆಯಲ್ಲಿ ಬಂದ ‘ಸೀಹಾರ್ಸ್’ ಎಂಬ ಚಿಕ್ಕ ಹಡಗಿನಲ್ಲಿ ಹದಿನೈದು ವರ್ಷದ, ಬಡಕಲು ಮೈಯ ಹುಡುಗನೊಬ್ಬನಿದ್ದನು. ಅವನ ಹೆಸರು ಹೊರೇಷಿಯೊ ನೆಲ್ಸನ್. 1775ರ ಫೆಬ್ರವರಿಯಲ್ಲಿ ಮಲಬಾರ್ ತೀರದಾಚೆ ‘ಸೀಹಾರ್ಸಿ’ಗೂ ಹೈದರನ ಬಾವುಟ ಹೊತ್ತ ಎರಡು ಹಡಗುಗಳಿಗೂ ಗುಂಡಿನ ವಿನಿಮಯ ನಡೆಯಿತು. ಮುಂದೆ ಜಗತ್ಪ್ರಸಿದ್ಧನಾಗಲಿದ್ದವನು ಶತ್ರುವಿನ ತೋಪಿನ ಸದ್ದನ್ನು ಮೊದಲು ಕೇಳಿದ್ದು ಮೈಸೂರಿನ ಹಡಗುಗಳಿಂದ ಎಂದರೆ ನಮ್ಮವರಿಗೆ ಆಶ್ಚರ್ಯವಾಗಬಹುದು. ಮರುವರ್ಷ ಹುಡುಗನು ಕಾಯಿಲೆಬಿದ್ದು ಸಾಯುವಂತಾದುದರಿಂದ ಅವನನ್ನು ಸ್ವದೇಶಕ್ಕೆ ಕಳುಹಿಸಿಬಿಟ್ಟರು. ಹ್ಯೂಸನೂ 1777ರಲ್ಲಿ ಹಿಂದಿರುಗಿ, ‘ಸರ್’ ಪದವಿಯನ್ನು ಪಡೆದು, 1779ರಲ್ಲಿ ಮತ್ತೆ ಅದೇ ಅಧಿಕಾರದ ಮೇಲೆ ಹಿಂದೂಸ್ಥಾನಕ್ಕೆ ಹೊರಟನು. ಈ ಎರಡನೆಯ ಸಲದ ನಾಲ್ಕು ವರ್ಷಗಳೇ ಅವನ ಜೀವನದ ಸಾರ.

ಅಷ್ಟರಲ್ಲಿ ಇಲ್ಲಿ ಏನಾಗಿತ್ತು? 1780ರ ಜುಲೈಯಲ್ಲಿ ಹೈದರನು ಘಟ್ಟವಿಳಿದು ಕರ್ನಾಟಕ ಪ್ರಾಂತದ ಮೇಲೆ, ಎಂದರೆ ಆರ್ಕಾಟು ನವಾಬನ ಸೀಮೆಯ ಮೇಲೆ, ಬಿದ್ದನು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯು ನಿರ್ನಾಮವಾಯಿತು. ಬಕ್ಸಾರಿನ ವಿಜಯಿಯಾದ ಸರ್ ಹೆಕ್ಟರ್ ಮನ್ರೊ ಎಂಬವನು ತನ್ನ ತೋಪುಗಳನ್ನು ಕಂಚಿಯ ಕೆರೆಗೆ ನೂಕಿ ಮದರಾಸಿಗೆ ಓಡಿದನು. ಹಿಂದೂಸ್ಥಾನದಲ್ಲಿ ಕುಂಪಣಿಯವರ ಮಾನಕ್ಕೆ ಅದುವರೆಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ಇದೆಲ್ಲವನ್ನೂ ನಮ್ಮ ಲಾವಣಿಕಾರರೂ ಚರಿತ್ರೆಕಾರರೂ ಸಾಕಷ್ಟು ಹೇಳಿದ್ದಾರೆ. ಆದರೆ ಪೊಳ್ಳಿಲೂರಿನ ವಿಜಯಕ್ಕೆ ಮೂರು ತಿಂಗಳು ತುಂಬುವ ಮೊದಲೇ ಪಶ್ಚಿಮ ತೀರದಲ್ಲಿ ನಡೆದ ಒಂದು ಬೆಳಗಿನ ಕೆಲಸವನ್ನು ಯಾರೂ ಹಾಡಿಲ್ಲ.

1763ರಲ್ಲಿ ಬಿದನೂರನ್ನು ಗೆದ್ದಾಗಲೇ ಹೈದರನಿಗೆ ಮಂಗಳೂರು, ಹೊನ್ನಾವರಗಳ ರೇವುಗಳು ದೊರೆತಿದ್ದುವು. ಕುದುರೆಯ ಮೇಲೆ ಬೆಳೆದ ಮನುಷ್ಯನಾದರೂ ಕಡಲಿನ ಬೆಲೆಯು ಅವನಿಗೆ ತಿಳಿಯದೆ ಇರಲಿಲ್ಲ. ಹಡಗುಗಳನ್ನು ಕಟ್ಟಿಸಿದನು. 1768ರಲ್ಲಿ ಮುಂಬಯಿಯ ಆಂಗ್ಲರು ಮಂಗಳೂರಿನ ಮೇಲೆ ಬಂದಾಗ ಆ ಹಡಗುಗಳು ಶತ್ರುಗಳ ಪಾಲಾದುವು. ಹೈದರನು ಎದೆಗುಂದದೆ ಮತ್ತೆ ಕಟ್ಟಿಸಿದನು. ಹೀಗೆ ಎರಡನೆಯ ಸಲ ಕಟ್ಟಿದ ನೌಕಾಬಲವು 1780ರ ಡಿಸೆಂಬರ್ 8ರಂದು ಮಂಗಳೂರಿನ ರೇವಿನಲ್ಲಿ ಲಂಗರು ಹಾಕಿ ನಿಂತಿರುವಾಗ, ಹ್ಯೂಸನು ತನ್ನ ದೊಡ್ಡ ಹಡಗುಗಳೊಡನೆ ಆಚೆ ಕಾಣಿಸಿಕೊಂಡನು. ದಡದ ಸಮೀಪದ ನೀರು ಆಳವಿಲ್ಲದುದರಿಂದ ದೊಡ್ಡ ಹಡಗುಗಳನ್ನು ಹೊರಗೆ ನಿಲ್ಲಿಸಿ, ಕುಂಪಣಿಯ ಚಿಕ್ಕ ಯುದ್ಧನೌಕೆಗಳ ತೋಪುಗಳ ಮರೆಯಲ್ಲಿ ದೋಣಿಗಳನ್ನು ಒಳಕ್ಕೆ ಕಳುಹಿಸಿದನು. ಹೈದರನ ಹಡಗುಗಳಲ್ಲಿ ಕೆಲವು ಸುಟ್ಟುವು, ಕೆಲವು ಸೆರೆಯಾದುವು, ಕೆಲವು ಮರಳಿಗೆ ಹತ್ತಿ ಮುರಿದುವು. ಇಷ್ಟೆ. ಇದಕ್ಕೆ ಯುದ್ಧವೆಂಬ ಹೆಸರೂ ಸಲ್ಲದು. ಆದರೆ ಆ ದಿನದಿಂದ ಮೈಸೂರಿಗೆ ತನ್ನದೆನ್ನುವ ಕಡಲಿನ ಬಲವು ಇಲ್ಲವಾಗಿ, ಪರಾಸೀಸರ ಹಡಗುಗಳ ದಾರಿ ನೋಡುವುದೊಂದೇ ಉಳಿಯಿತು.

ಹ್ಯೂಸನು ಅಲ್ಲಿಂದ ಮುಂಬಯಿಗೆ ಹೋದನು. ಏಕೆ ಹೋದನೆಂಬುದನ್ನು ನಾವು ವಿವರಿಸಬೇಕು, ಏಕೆಂದರೆ ಈ ಕಥೆಯ ಬೀಗದಕೈ ಅಲ್ಲಿಯೇ ಇದೆ. ಹಾಯಿಯ ಕಾಲದ ಯುದ್ಧನೌಕೆಯು ಮರದ ಕೋಟೆಯಿದ್ದಂತೆ. ಎಪ್ಪತ್ತುನಾಲ್ಕು ತೋಪುಗಳ ಒಂದು ಹಡಗಿನಲ್ಲಿ ಐದಾರು ನೂರು ಜನ ಇರುತ್ತಿದ್ದರು. ಅವರಿಗೆ ನೀರು, ಉಪ್ಪಿನ ಮಾಂಸ, ರೊಟ್ಟಿ, ಮದ್ದು, ಗುಂಡು ಎಲ್ಲವೂ ಬೇಕು. ಬಿಸಿಲುದೇಶದ ನೀರಿನಲ್ಲಿ ಹುಳುಗಳು ತಳದ ಹಲಗೆಯನ್ನು ಕೊರೆದು ಜರಡಿ ಮಾಡುತ್ತವೆ. ಬಿರುಗಾಳಿಗೆ ಕೂವೆಮರಗಳು ಮುರಿಯುತ್ತವೆ. ವರ್ಷಕ್ಕೊಮ್ಮೆಯಾದರೂ ಹಡಗನ್ನು ನೀರಿಲ್ಲದ ಕಟ್ಟೆಗೆ ಎಳೆದು ದುರಸ್ತು ಮಾಡದಿದ್ದರೆ ಅದು ಶತ್ರುವಿಲ್ಲದೆಯೇ ಮುಳುಗುವುದು. ಹಿಂದೂಸ್ಥಾನದ ಪೂರ್ವತೀರದಲ್ಲಿ ಅಂಥ ಅನುಕೂಲವು ಎಲ್ಲಿಯೂ ಇರಲಿಲ್ಲ. ಮದರಾಸಿಗೆ ಬಂದರೇ ಇರಲಿಲ್ಲ. ತೆರೆದ ಕಡಲಿನಲ್ಲಿ ಲಂಗರು ಹಾಕಿ, ಅಲೆಗಳ ಮೇಲೆ ಹಾರುವ ಮಸೂಲಾ ದೋಣಿಗಳಲ್ಲಿ ಸಾಮಾನುಗಳನ್ನು ಇಳಿಸಬೇಕು. ಅಕ್ಟೋಬರಿನಲ್ಲಿ ಈಶಾನ್ಯದ ಮಳೆಗಾಳಿ ಎದ್ದಿತೆಂದರೆ ಅಲ್ಲಿ ನಿಂತ ಹಡಗಿಗೆ ಮೃತ್ಯುವೇ. ಮುಂಬಯಿಯಲ್ಲಿ ಮಾತ್ರ ಒಳ್ಳೆಯ ಹಡಗುಕಟ್ಟೆಗಳು ಇದ್ದುವು.

ಆ ಹಡಗುಕಟ್ಟೆಗಳನ್ನು ನಡೆಯಿಸುತ್ತಿದ್ದವರು ಯಾರು? ಆಂಗ್ಲರಲ್ಲ. ಸೂರತಿನಿಂದ ಬಂದ ವಾಡಿಯಾ ಮನೆತನದ ಪಾರಸಿ ಕುಶಲಿಗಳು. ಲೌಜಿ ನಸರವಾನಜಿಯ ಮಕ್ಕಳಾದ ಮಾಣೆಕ್‌ಜಿ ಮತ್ತು ಬೊಮನ್‌ಜಿ ಎಂಬವರು ಆಗ ಮೇಸ್ತ್ರಿಗಳು. ಮಲಬಾರಿನ ತೇಗ, ನಮ್ಮವರ ಕೈ, ನಮ್ಮವರ ಉಳಿ. ಮಂಗಳೂರಿನಲ್ಲಿ ನಮ್ಮ ಹಡಗುಗಳನ್ನು ಸುಟ್ಟು ಬಂದ ನೌಕೆಗಳಿಗೆ ಹಲಗೆ ಹೊಡೆದು ಮತ್ತೆ ಕಡಲಿಗೆ ಇಳಿಸಿಕೊಟ್ಟವರು ಇವರು. ನಾವು ಇದನ್ನು ಆ ಕುಶಲಿಗಳ ಮೇಲಿನ ದೋಷಾರೋಪವಾಗಿ ಬರೆಯುತ್ತಿಲ್ಲ. ಕೆಲಸಗಾರನು ಕೂಲಿ ಕೊಡುವವನಿಗೆ ಕೆಲಸ ಮಾಡುತ್ತಾನೆ. ಇಂಥ ಕೈಗಳು ನಮ್ಮ ದೇಶದಲ್ಲಿಯೇ ಇರಲು, ಅವುಗಳನ್ನು ಕಂಡುಹಿಡಿದು ಮೂವತ್ತು ವರ್ಷಗಳ ಕಾಲ ಒಂದೇ ಸ್ಥಳದಲ್ಲಿ ಕೂರಿಸಿ ಕೂಲಿ ಕೊಟ್ಟ ಧಣಿಯು ನಮ್ಮ ರಾಜರುಗಳಲ್ಲಿ ಒಬ್ಬನೂ ಆಗಲಿಲ್ಲವಲ್ಲಾ ಎಂಬುದೇ ನಮ್ಮ ವ್ಯಥೆ.

ಹ್ಯೂಸನು ಮುಂಬಯಿಯಲ್ಲಿದ್ದಾಗ, 1781ರ ಮೊದಲ ಎರಡು ತಿಂಗಳಲ್ಲಿ, ಹೈದರನಿಗೆ ಒಂದು ಸುಸಂಧಿ ಒದಗಿತು. ಮುದುಕನಾದ ಸರ್ ಐರ್ ಕೂಟನು ಆಂಗ್ಲರ ಉಳಿದ ಸೈನ್ಯವನ್ನು ಕಟ್ಟಿಕೊಂಡು ಕಡಲೂರಿನಲ್ಲಿದ್ದನು. ಸುತ್ತಲೂ ಹೈದರನ ಕುದುರೆ. ಸೀಮೆಯೆಲ್ಲ ಸುಟ್ಟು ಬೂದಿಯಾಗಿತ್ತು. ಕೂಟನಿಗೆ ಅನ್ನವು ಬರುವುದಾದರೆ ಕಡಲಿನಿಂದಲೇ ಬರಬೇಕು. ಆ ಸಮಯಕ್ಕೆ ಸರಿಯಾಗಿ ದೋರ್ವ್ ಎಂಬ ಪರಾಸೀಸ್ ನೌಕಾಪತಿಯು ಮಾರಿಷಸ್ಸಿನಿಂದ ಹಡಗುಗಳೊಡನೆ ಬಂದು ಎದುರಿಗೆ ನಿಂತನು. ಇನ್ನು ಕೆಲವು ವಾರಗಳ ಕಾಲ ಅವನು ಅಲ್ಲಿಯೇ ನಿಂತಿದ್ದರೆ ಕೂಟನು ಹಸಿವೆಯಿಂದ ಶರಣಾಗದೆ ಗತಿಯಿರಲಿಲ್ಲ. ನಿಲ್ಲುವಂತೆ ಹೈದರನು ಬೇಡಿಕೊಂಡನು. ದೋರ್ವನು ಒಪ್ಪಲಿಲ್ಲ. ಫೆಬ್ರವರಿಯ ನಡುವೆ ಹಾಯಿಯೆತ್ತಿ ಹೊರಟೇಹೋದನು. ಅವನು ಮರೆಯಾದ ಮೇಲೆ ಮದರಾಸಿನ ಅಕ್ಕಿಯ ದೋಣಿಗಳು ಕಡಲೂರಿಗೆ ಬಂದುವು. ಜುಲೈ 1ರಂದು ಪರಂಗಿಪೇಟೆಯಲ್ಲಿ ಕೂಟನು ಹೈದರನನ್ನು ಸೋಲಿಸಿದನು. ಪರರ ಹಡಗನ್ನು ನಂಬಿದವನ ಪಾಡು ಹೀಗೆ. ಅದು ಬರುವುದೂ ಪರರ ಇಷ್ಟ, ಹೋಗುವುದೂ ಪರರ ಇಷ್ಟ.

ಅದೇ ವರ್ಷದ ನವೆಂಬರಿನಲ್ಲಿ ಹ್ಯೂಸನೂ ಮನ್ರೊವೂ ಕೂಡಿ ಡಚ್ಚರಿಂದ ನಾಗಪಟ್ಟಣವನ್ನು ಕಸಿದರು. 1782ರ ಜನವರಿಯಲ್ಲಿ ಹ್ಯೂಸನು ಸಿಂಹಳದ ತ್ರಿಂಕೋಮಲೆಯನ್ನು ಹಿಡಿದನು. ಆ ಕಡೆಯ ಕಡಲಿನಲ್ಲಿ ಎಲ್ಲ ಗಾಳಿಗೂ ಆಶ್ರಯವಾಗುವ ಬಂದರು ಅದೊಂದೇ. ಆದರೆ ಮರುತಿಂಗಳೇ ಅವನ ಸಮಾನನೂ, ಸತ್ಯ ಹೇಳಬೇಕಾದರೆ ಅವನಿಗಿಂತ ಎಷ್ಟೋ ಮೇಲಾದವನೂ ಆದ ಎದುರಾಳಿಯು ಬಂದನು. ದಾರಿಯಲ್ಲಿ ದೋರ್ವನು ತೀರಿಕೊಂಡುದರಿಂದ ಪರಾಸೀಸರ ಅಧಿಕಾರವು ಸುಫ್ರೆನ್ ಎಂಬವನ ಕೈಗೆ ಬಂದಿತ್ತು. ಪ್ರೋವಾನ್ಸ್ ಸೀಮೆಯವನು. ದಪ್ಪ ಮೈ, ಒರಟು ಮಾತು, ಬೆಂಕಿಯಂಥ ಮನಸ್ಸು. ಹ್ಯೂಸನೂ ದಪ್ಪ ಮೈಯವನೇ. ರೆನಾಲ್ಡ್ಸನು ಬರೆದ ಅವನ ಚಿತ್ರದಲ್ಲಿ ಅಂಗಿಯ ಗುಂಡಿಗಳು ಪಡುವ ಕಷ್ಟವನ್ನು ನೋಡಬಹುದು. ಆದರೆ ಅವನ ಮನಸ್ಸು ತಣ್ಣಗಿನದು. ನಮ್ಮ ವಾಚಕರಲ್ಲಿ ಹುದ್ದೆಯಲ್ಲಿರುವವರು ಅನೇಕರು. ಅವರಿಗೆ ತಿಳಿಯುವಂತೆ ಹೇಳುವುದಾದರೆ, ಸುಫ್ರೆನನು ಕಛೇರಿಯನ್ನೇ ಬದಲಾಯಿಸಹೊರಟ ಹೊಸ ಸಾಹೇಬನಂತಿದ್ದರೆ, ಹ್ಯೂಸನು ಮೂವತ್ತು ವರ್ಷ ಫೈಲು ನೋಡಿ, ಒಂದು ಕಾಗದವನ್ನೂ ಕಳೆಯದ ಶಿರಸ್ತೇದಾರನಂತಿದ್ದನು.

ಇವರಿಬ್ಬರೂ ಹದಿನಾರು ತಿಂಗಳಲ್ಲಿ ಐದು ಸಲ ಕಾದಿದರು. ಆ ಕಾಲದ ಹಡಗಿನ ತೋಪುಗಳೆಲ್ಲ ಎರಡು ಮಗ್ಗುಲುಗಳಲ್ಲಿರುತ್ತಿದ್ದುವು. ಆದುದರಿಂದ ಹಡಗುಗಳು ಒಂದರ ಹಿಂದೊಂದಾಗಿ ಸಾಲುಗಟ್ಟಿ, ಎದುರಿನ ಸಾಲಿಗೆ ಮಗ್ಗುಲನ್ನು ಕೊಟ್ಟು ಗುಂಡು ಹಾರಿಸುವುದೇ ಪದ್ಧತಿ. ಸಾಲು ಕೆಟ್ಟಿತೆಂದರೆ ಎಲ್ಲವೂ ಕೆಟ್ಟಂತೆ. ಶತ್ರುವಿನ ಸಾಲಿನ ಒಂದು ತುದಿಯ ಮೇಲೆ ತನ್ನ ಹಡಗುಗಳನ್ನೆಲ್ಲ ಒಟ್ಟಿಗೆ ಸುರಿದು ಅದನ್ನು ನುಂಗಿಬಿಡಬೇಕೆಂಬುದು ಸುಫ್ರೆನನ ಹಂಚಿಕೆ. ಸಾಲನ್ನು ಬಿಡದೆ ನಿಂತು ಪೆಟ್ಟನ್ನು ತಿನ್ನುವುದು ಹ್ಯೂಸನ ವ್ರತ.

1782ರ ಫೆಬ್ರವರಿ 17ರಂದು ಸದ್ರಾಸಿನ ಆಚೆ ಮೊದಲ ಯುದ್ಧವಾಯಿತು. ಅದಕ್ಕೆ ಮುಂಚೆ ಹ್ಯೂಸನು ಪರಾಸೀಸರ ಜೊತೆಯ ಸಾಮಾನಿನ ಹಡಗುಗಳನ್ನು ಅಟ್ಟಿ, ಅವರು ಹಿಡಿದಿದ್ದ ಐದು ಆಂಗ್ಲ ಹಡಗುಗಳನ್ನು ಬಿಡಿಸಿಕೊಂಡು, ಸೈನಿಕರೂ ಮದ್ದುಗುಂಡೂ ತುಂಬಿದ ಇನ್ನೊಂದನ್ನು ಸೆರೆಹಿಡಿದಿದ್ದನು. ಮಧ್ಯಾಹ್ನ ಸುಫ್ರೆನನು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಆಂಗ್ಲರ ಸಾಲಿನ ಹಿಂಭಾಗದ ಮೇಲೆ ಬಿದ್ದನು. ಹಿಂದಿನ ತುದಿಯಲ್ಲಿದ್ದ ‘ಎಕ್ಸೆಟರ್’ ಹಡಗು ನುಚ್ಚುನೂರಾಯಿತು. ಅದರ ಕ್ಯಾಪ್ಟನ್ ರೆನಾಲ್ಡ್ಸನ ತಲೆಯು ಗುಂಡಿಗೆ ಸಿಡಿದು, ಪಕ್ಕದಲ್ಲಿದ್ದ ಕಮಡೋರ್ ಕಿಂಗನ ಕಣ್ಣುಗಳು ರಕ್ತದಿಂದ ಮುಚ್ಚಿಹೋದುವು. ಇನ್ನು ಮಾಡುವುದೇನೆಂದು ಕೇಳಿದ ಅಧಿಕಾರಿಗೆ, ಹಡಗು ಮುಳುಗುವವರೆಗೂ ಕಾದುವುದಲ್ಲದೆ ಬೇರೇನೂ ಇಲ್ಲವೆಂದು ಅವನು ಮುಖವನ್ನು ಒರೆಸಿಕೊಳ್ಳುತ್ತ ಉತ್ತರವಿತ್ತನಂತೆ. ಅದೇ ಹೊತ್ತಿಗೆ ಸುಫ್ರೆನನ ಕ್ಯಾಪ್ಟನರಲ್ಲಿ ಹಲವರು ಅವನ ಆಜ್ಞೆಯನ್ನು ಪಾಲಿಸದೆ, ದೂರದಿಂದ ಗುಂಡು ಹಾರಿಸುತ್ತ ನಿಂತಿದ್ದರು. ಕತ್ತಲಾಯಿತು. ಎಕ್ಸೆಟರ್ ಮುಳುಗಲಿಲ್ಲ. ಐದು ಯುದ್ಧಗಳ ಸಾರವೂ ಈ ಒಂದು ಸಂಜೆಯಲ್ಲಿಯೇ ಅಡಗಿದೆಯೆಂದು ನಮ್ಮ ಮತ. ಒಂದು ಕಡೆ ಪ್ರತಿಭೆಯಿತ್ತು, ಅದಕ್ಕೆ ಕೈಕಾಲುಗಳಿರಲಿಲ್ಲ. ಇನ್ನೊಂದು ಕಡೆ ಪ್ರತಿಭೆಯು ಸಾಧಾರಣದ್ದು, ಕೈಕಾಲುಗಳು ಮಾತ್ರ ಹೇಳಿದಂತೆ ಕೇಳುತ್ತಿದ್ದುವು.

ಏಪ್ರಿಲ್ 12ರಂದು ಸಿಂಹಳದ ಪೂರ್ವಕ್ಕಿರುವ ಪ್ರೊವಿಡಿಯನ್ ಎಂಬ ನಡುಗಡ್ಡೆಯ ಹತ್ತಿರ ಎರಡನೆಯ ಯುದ್ಧ. ಇದು ಅತ್ಯಂತ ಘೋರವಾದುದು. ಆಂಗ್ಲರಲ್ಲಿ 137 ಜನ ಸತ್ತರು. ‘ಮನ್ಮತ್’ ಎಂಬ ಹಡಗಿನ ಎರಡು ಕೂವೆಗಳು ಬಿದ್ದರೂ ಅದು ಶರಣಾಗಲಿಲ್ಲ. ಯುದ್ಧ ಮುಗಿದ ಮೇಲೆ ಎರಡು ಪಡೆಗಳೂ ಒಂದನ್ನೊಂದು ಕಾಣುವಷ್ಟು ಹತ್ತಿರದಲ್ಲಿ ಲಂಗರು ಹಾಕಿ, ಒಂದು ವಾರ ಹಗ್ಗ ಹೊಸೆಯುತ್ತ, ಹಾಯಿ ಹೊಲಿಯುತ್ತ ಕುಳಿತಿದ್ದುವು. ಮತ್ತೆ ಕಾದಲು ಇಬ್ಬರಿಗೂ ಶಕ್ತಿಯಿರಲಿಲ್ಲ.

ಜುಲೈ 6ರಂದು ನಾಗಪಟ್ಟಣದ ಎದುರಿಗೆ ಹನ್ನೊಂದು ಹಡಗುಗಳಿಗೆ ಹನ್ನೊಂದು. ನಡುವೆ ಗಾಳಿಯು ಫಕ್ಕನೆ ತಿರುಗಿ ಎರಡು ಸಾಲುಗಳೂ ಕಲಸಿಹೋದುವು. ಆಗ ಪರಾಸೀಸರ ‘ಸೆವೇರ್’ ಎಂಬ ಹಡಗಿನ ಕ್ಯಾಪ್ಟನನು ಹೆದರಿ ಬಾವುಟವನ್ನಿಳಿಸಿದನು. ಅವನು ಶರಣಾದದ್ದು ಆಂಗ್ಲರ ‘ಸುಲ್ತಾನ್’ ಎಂಬ ಹಡಗಿಗೆ. ಹೆಸರಿನ ವಿಧಿವಿಲಾಸವನ್ನು ನೋಡಿರಿ! ಆದರೆ ಕೈಕೆಳಗಿನ ಅಧಿಕಾರಿಗಳು ಕ್ಯಾಪ್ಟನನ ಮಾತನ್ನು ಮೀರಿ ಬಾವುಟವನ್ನು ಮತ್ತೆ ಏರಿಸಿ, ನಂಬಿ ಹಿಂದಿರುಗುತ್ತಿದ್ದ ‘ಸುಲ್ತಾನ್’ ಮೇಲೆಯೇ ಗುಂಡು ಹಾರಿಸಿ ಪಾರಾದರು. ಹ್ಯೂಸನು ಮರುದಿನ ದೂತನನ್ನು ಕಳುಹಿಸಿ, ಶರಣಾದ ಹಡಗನ್ನು ಒಪ್ಪಿಸಬೇಕೆಂದು ಕೇಳಿದನು. ಸುಫ್ರೆನನು ಒಪ್ಪಿಸಲಿಲ್ಲ. ಆ ಕ್ಯಾಪ್ಟನನನ್ನೂ ಇನ್ನು ಕೆಲವರನ್ನೂ ಅಧಿಕಾರದಿಂದ ತೆಗೆದು ಊರಿಗೆ ಅಟ್ಟಿದನು. ಈ ದಿನ ಪರಾಸೀಸರಲ್ಲಿ 178 ಜನ, ಆಂಗ್ಲರಲ್ಲಿ 77 ಜನ ಸತ್ತರು. ಹ್ಯೂಸನ ‘ಸುಪರ್ಬ್’ ಹಡಗಿನ ಕ್ಯಾಪ್ಟನನೂ ಹತನಾದನು. ಅವನಿಗಿಂತ ಹಿಂದೆ ಅದೇ ಸ್ಥಾನದಲ್ಲಿದ್ದವನು ಸದ್ರಾಸಿನಲ್ಲಿ ಹತನಾಗಿದ್ದನು. ಅಡ್ಮಿರಲನು ಮಾತ್ರ ಅದೇ ಹಲಗೆಯ ಮೇಲೆ ನಿಂತಿದ್ದನು.

ಈ ಯುದ್ಧದ ಮೇಲೆ ಸುಫ್ರೆನನು ಕಡಲೂರಿಗೆ ಹೋಗಿ, ಮರವಿಲ್ಲದುದರಿಂದ ಊರಿನ ಮನೆಗಳನ್ನು ಕೆಡವಿ ಅವುಗಳ ತೊಲೆಗಳಿಂದ ಹಡಗುಗಳನ್ನು ರಿಪೇರಿ ಮಾಡಿಸಿದನು. ಅಲ್ಲಿಗೆ ಹೈದರನು ತನ್ನ ಸೈನ್ಯಸಮೇತನಾಗಿ ಬಂದು ಅವನನ್ನು ಕಂಡನು. ದೋರ್ವನಂತೆ ಓಡಿಹೋಗದೆ, ಬಂದರೂ ಅನ್ನವೂ ಇಲ್ಲದೆ, ಕಾದಾಡುತ್ತಲೇ ಇದ್ದ ಈ ಮನುಷ್ಯನನ್ನು ನೋಡಬೇಕೆಂದು ಹೈದರನಿಗೆ ಆಸೆಯಿದ್ದುದು ಸಹಜವೇ. ಹ್ಯೂಸನಾದರೋ ಮದರಾಸಿಗೆ ಹೋಗಿ, ಜುಲೈ 20ರಿಂದ ಆಗಸ್ಟ್ 20ರವರೆಗೆ ಒಂದು ತಿಂಗಳು ದುರಸ್ತಿಯಲ್ಲಿ ಕಳೆದನು. ಆ ತಿಂಗಳಿಗೆ ಅವನು ತೆತ್ತ ಬೆಲೆಯು ದೊಡ್ಡದು. ಸುಫ್ರೆನನು ಅಷ್ಟರಲ್ಲಿ ಹೊರಟು ಆಗಸ್ಟಿನ ಕೊನೆಗೆ ತ್ರಿಂಕೋಮಲೆಯನ್ನು ಕಸಿದುಕೊಂಡನು. ಸೆಪ್ಟೆಂಬರ್ 2ರಂದು ಹ್ಯೂಸನು ಅಲ್ಲಿಗೆ ಬಂದಾಗ ಕೋಟೆಯ ಮೇಲೆ ಪರಾಸೀಸರ ಬಾವುಟವು ಹಾರಾಡುತ್ತಿತ್ತು. ಅವನ ಜೀವನದ ಅತಿ ದೊಡ್ಡ ತಪ್ಪು ಇದೇ. ಇದನ್ನು ಅವನ ಪಕ್ಷಪಾತಿಗಳೂ ಮರೆಮಾಚಲಾರರು. ಮರುದಿನ ಹದಿನಾಲ್ಕು ಹಡಗುಗಳೊಡನೆ ಹೊರಬಂದ ಸುಫ್ರೆನನಿಗೂ ಹನ್ನೆರಡು ಹಡಗುಗಳ ಹ್ಯೂಸನಿಗೂ ನಾಲ್ಕನೆಯ ಯುದ್ಧವಾಗಿ, ಸುಫ್ರೆನನ ‘ಹೀರೊ’ ಹಡಗಿನ ನಡುಗೂವೆಯು ಮುರಿದುಬಿದ್ದಿತು. ಅದರೊಡನೆ ಬಿದ್ದ ಬಾವುಟವನ್ನು ಕಂಡು ಶರಣಾದರೆಂದು ಯಾರೂ ತಿಳಿಯದಿರಲೆಂದು, ಹಡಗಿನ ಸುತ್ತ ಇದ್ದ ಬಾವುಟಗಳನ್ನೆಲ್ಲ ಕಟ್ಟಿರೆಂದು ಅವನು ಕೂಗಾಡಿದನಂತೆ. ಇಲ್ಲಿಯೂ ಜಯವು ಯಾರದೂ ಅಲ್ಲ.

ಅಕ್ಟೋಬರ್ ಬಂದಿತು. ಹೈದರನ ಕುದುರೆಗಳು ಸುಟ್ಟ ಸೀಮೆಯಿಂದ ಓಡಿಬಂದ ರೈತರು ಮದರಾಸಿನ ಬೀದಿಗಳಲ್ಲಿ ತುಂಬಿದ್ದರು. ಧಾನ್ಯವಿರಲಿಲ್ಲ. 15ನೆಯ ತಾರೀಖಿನಂದು ಬಿರುಗಾಳಿಯ ಸೂಚನೆಯನ್ನು ಕಂಡು ಹ್ಯೂಸನು ಹಾಯಿಯೆತ್ತಿ ಮುಂಬಯಿಗೆ ಹೊರಟನು. ಅಂದಿನ ಬಿರುಗಾಳಿಯಲ್ಲಿ ರೇವಿನಲ್ಲಿ ಉಳಿದ ಅಕ್ಕಿಯ ಹಡಗುಗಳು ಒಡೆದು, ಅಕ್ಕಿಯೆಲ್ಲ ನೀರುಪಾಲಾಯಿತು. ಆಮೇಲೆ ಆ ಪಟ್ಟಣದಲ್ಲಿ ಹಸಿದು ಸತ್ತವರು ಸಾವಿರಾರು ಜನ. ಅವರು ಹೈದರನವರೂ ಅಲ್ಲ, ಕುಂಪಣಿಯವರೂ ಅಲ್ಲ. ಉಳುವ ಜನ. ಎರಡು ಬಲಗಳ ನಡುವೆ ಸಿಕ್ಕಿ ಸತ್ತ ಇವರ ಹೆಸರುಗಳನ್ನು ಯಾವ ಅಡ್ಮಿರಲನ ದಿನಚರಿಯೂ ಬರೆದಿಟ್ಟಿಲ್ಲ. ದೇಶಾಭಿಮಾನದಿಂದ ಹೈದರನ ಪರಾಕ್ರಮವನ್ನು ಹೊಗಳುವ ನಾವೂ ಇದನ್ನು ಮರೆಯಬಾರದು.

ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ತನ್ನ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಅವನು ತನ್ನ ಕೊನೆಯ ಕಾಲದಲ್ಲಿ ಪೂರ್ಣಯ್ಯನವರೊಡನೆ ಏಕಾಂತದಲ್ಲಿ ಮಾತನಾಡುತ್ತ, ಆಂಗ್ಲರ ನೆಲವನ್ನು ತಾನು ಹಾಳುಮಾಡಬಲ್ಲೆನಾದರೂ ಕಡಲನ್ನು ಬತ್ತಿಸುವುದು ತನ್ನಿಂದಾಗದೆಂದು ನಿಟ್ಟುಸಿರಿಟ್ಟನೆಂದು ವಿಲ್ಕ್ಸನು ತನ್ನ ಮೈಸೂರು ಚರಿತ್ರೆಯಲ್ಲಿ ಹೇಳಿದ್ದಾನೆ. ಈ ಮಾತಿನಲ್ಲಿ ಕಾಣುವ ತಿಳಿವಳಿಕೆಯು ಹೈದರನಿಗೆ ಒಪ್ಪುವಂಥದು. ಮಂಗಳೂರಿನ ಆ ಬೆಳಗು ಅವನ ಕಣ್ಣಮುಂದೆ ಇದ್ದಿರಬೇಕು.

ಕಡಲು ತಮ್ಮದಾಗಿದ್ದುದರ ಫಲವನ್ನು ಆಂಗ್ಲರು ಕೂಡಲೇ ಉಂಡರು. 1783ರ ಜನವರಿಯಲ್ಲಿ ಮುಂಬಯಿಯಿಂದ ಹಡಗಿನಲ್ಲಿ ಬಂದ ಜನರಲ್ ಮ್ಯಾಥ್ಯೂಸನು ಕುಮಟೆಯ ಬಳಿ ಇಳಿದು, ಹೊನ್ನಾವರ, ಕುಂದಾಪುರಗಳನ್ನು ಹಿಡಿದು, ಘಟ್ಟವೇರಿ ಬಿದನೂರನ್ನೇ ವಶಮಾಡಿಕೊಂಡನು. ಪೂರ್ವದಲ್ಲಿ ಗೆಲ್ಲುತ್ತಿದ್ದ ಟೀಪುವು ಅದನ್ನು ಬಿಟ್ಟು ಪಶ್ಚಿಮಕ್ಕೆ ಧಾವಿಸಬೇಕಾಯಿತು. ಬಿದನೂರನ್ನು ಅವನು ಮರಳಿ ಪಡೆದನೆಂಬುದೂ, ಮ್ಯಾಥ್ಯೂಸನು ಸೆರೆಯಾದನೆಂಬುದೂ ನಿಜ. ಆದರೆ ಮದರಾಸಿನ ಕೊರಳಿಗೆ ಬಿದ್ದಿದ್ದ ಉರುಲು ಸಡಿಲವಾಯಿತು.

ಮುಂಬಯಿಯಲ್ಲಿ ಹೊಸ ಹಡಗುಗಳು ಬಂದು ಸೇರಿದುದರಿಂದ ಹ್ಯೂಸನ ಬಲವು ಹದಿನೆಂಟಕ್ಕೆ ಏರಿತು. ಜೂನ್ ತಿಂಗಳಲ್ಲಿ ಜನರಲ್ ಸ್ಟುವರ್ಟನು ಕಡಲೂರಿನಲ್ಲಿ ಪರಾಸೀಸರ ಬುಸ್ಸಿಯನ್ನು ಮುತ್ತಿದಾಗ ಹ್ಯೂಸನು ಕಡಲಿನ ಕಡೆಯನ್ನು ಕಾಯುತ್ತಿದ್ದನು. ಹದಿನೈದು ಹಡಗುಗಳೊಡನೆ ಬಂದ ಸುಫ್ರೆನನು ಉಪಾಯದಿಂದ ಅವನಿಗೂ ದಡಕ್ಕೂ ನಡುವೆ ನುಸುಳಿ, ಬುಸ್ಸಿಯಿಂದ 1,200 ಜನರನ್ನು ಹಡಗುಗಳಿಗೆ ಹತ್ತಿಸಿಕೊಂಡು, ಜೂನ್ 20ರಂದು ಮೇಲೆ ಬಿದ್ದನು. ಹ್ಯೂಸನ ಹಡಗುಗಳಲ್ಲಿ ನೀರು ಮುಗಿಯುತ್ತ ಬಂದಿತ್ತು. ಹಸುರು ಕಾಯಿಪಲ್ಲೆಯಿಲ್ಲದೆ ಒಸಡು ಕೊಳೆಯುವ ಸ್ಕರ್ವಿ ರೋಗದಿಂದ ಜನರು ಗುಂಪುಗುಂಪಾಗಿ ಮಲಗಿದ್ದರು. ಯುದ್ಧದಲ್ಲಿ ಸೋಲದಿದ್ದರೂ ಅವನು ಮದರಾಸಿಗೆ ಹಿಂದೆಗೆಯಬೇಕಾಯಿತು. ಸ್ಟುವರ್ಟನ ಸೈನ್ಯವು ಕೋಟೆಗೂ ಸುಫ್ರೆನನ ತೋಪುಗಳಿಗೂ ನಡುವೆ ಒಂಟಿಯಾಗಿ ಸಿಕ್ಕಿಕೊಂಡಿತು. ಅಷ್ಟರಲ್ಲಿ, ಜೂನ್ 29ರಂದು, ಬಿಳಿಯ ಬಾವುಟದ ಹಡಗೊಂದು ಯೂರೋಪಿನಿಂದ ಬಂದ ಸಂಧಿಯ ವರ್ತಮಾನವನ್ನು ತಂದಿತು. ಆ ಸಂಧಿಗೆ ಜನವರಿ 20ರಂದೇ ವರ್ಸೈಲ್ಸಿನಲ್ಲಿ ಸಹಿಯಾಗಿತ್ತು! ಐದನೆಯ ಯುದ್ಧದಲ್ಲಿ ಎರಡು ಕಡೆಯೂ ಸತ್ತ ನೂರು ನೂರು ಜನರು, ರಾಜರಿಬ್ಬರು ಸ್ನೇಹಿತರಾದ ಐದು ತಿಂಗಳ ಮೇಲೆ ಪ್ರಾಣಕೊಟ್ಟವರು.

ಪರಾಸೀಸರ ಸಂಧಿಯಾಗಲು ಟೀಪುವಿಗೆ ಕಡಲಿನ ಮಿತ್ರನೇ ಇಲ್ಲದಂತಾಯಿತು. 1784ರ ಮಾರ್ಚಿ 11ರಂದು ಮಂಗಳೂರಿನಲ್ಲಿ ಆಂಗ್ಲರೊಡನೆ ಅವನ ಒಪ್ಪಂದವಾಯಿತು. ಅದೇ ವರ್ಷ ಬತ್ತೇರಿಯು ಎದ್ದಿತು. ಹನ್ನೆರಡು ವರ್ಷಗಳ ಮೇಲೆ, 1796ರಲ್ಲಿ, ಟೀಪುವು ನೌಕಾಡಳಿತಕ್ಕೆ ಒಂದು ಮಂಡಲಿಯನ್ನು ಏರ್ಪಡಿಸಿ, ಸುಮಾರು ನಲವತ್ತು ಯುದ್ಧನೌಕೆಗಳನ್ನು ಕಟ್ಟಲು ನಿರೂಪ ಹೊರಡಿಸಿದನು. ಹಡಗಿನ ಅಳತೆ, ಅಧಿಕಾರಿಗಳ ಸಂಬಳ, ಜನರ ಊಟ ಎಲ್ಲವನ್ನೂ ಅದರಲ್ಲಿ ವಿಧಿಸಿತ್ತು. ಓದಿದರೆ ತಲೆದೂಗುವಂತಿದೆ. ಆದರೆ ಹಡಗು ಕಟ್ಟುವುದು ಮರದ ಕೆಲಸ ಮಾತ್ರವಲ್ಲ, ಕಾಲದ ಕೆಲಸವೂ ಹೌದು. ಮುಂಬಯಿಯ ಕಟ್ಟೆಗೆ ಮೂವತ್ತು ವರ್ಷ ದೊರೆತಿತ್ತು. ಟೀಪುವಿಗೆ ದೊರೆತುದು ಮೂರು ವರ್ಷ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು.

ಯೋಗ್ಯತೆಯಲ್ಲಿ ಸುಫ್ರೆನನೇ ಮೇಲೆಂದು ಆಂಗ್ಲರ ನೌಕಾಚರಿತ್ರೆಕಾರರೂ ಒಪ್ಪುತ್ತಾರೆ. ಅವನು ಹಿಂದಿರುಗುವಾಗ ಗುಡ್‌ಹೋಪ್ ಭೂಶಿರದಲ್ಲಿ ಹ್ಯೂಸನ ಕ್ಯಾಪ್ಟನರೇ ಅವನ ಹಡಗನ್ನೇರಿ ಗೌರವ ಸಲ್ಲಿಸಿದರು. ಐದು ಯುದ್ಧಗಳಲ್ಲಿ ಅವನು ಒಂದು ಆಂಗ್ಲ ಯುದ್ಧನೌಕೆಯನ್ನಾದರೂ ಸೆರೆಹಿಡಿಯಲಿಲ್ಲ, ಮುಳುಗಿಸಲೂ ಇಲ್ಲ. ಹ್ಯೂಸನಿಗೆ ಸುಫ್ರೆನನನ್ನು ಓಡಿಸುವ ಅಗತ್ಯವಿರಲಿಲ್ಲ. ಪ್ರತಿ ಸಲವೂ ಮುರಿದ ಕೂವೆಗಳೊಡನೆ ಹಿಂದಿರುಗಿ, ಮತ್ತೆ ಹೊಸ ಕೂವೆಗಳೊಡನೆ ಬಂದು ನಿಂತರೆ ಸಾಕಾಗಿತ್ತು. ಹಾಗೆ ನಿಂತನು. ‘ಸುಪರ್ಬ್’ ಹಡಗು ಮಾತ್ರ, ಐದು ಯುದ್ಧಗಳಲ್ಲಿ ಮುಳುಗದೆ ಉಳಿದದ್ದು, ಯುದ್ಧವೆಲ್ಲ ಮುಗಿದ ಮೇಲೆ 1783ರ ನವೆಂಬರಿನಲ್ಲಿ ತಲಚೇರಿಯ ರೇವಿನಲ್ಲಿ ಒಡೆದು ಮುಳುಗಿತು.

ಹ್ಯೂಸನು ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಮತ್ತೆ ಕಡಲಿಗೆ ಹೋಗಲಿಲ್ಲ. ಪೂರ್ಣ ಅಡ್ಮಿರಲನಾಗಿ, 1794ರಲ್ಲಿ ಎಸೆಕ್ಸಿನ ತನ್ನ ಮನೆಯಲ್ಲಿ ಸತ್ತನು. ಹಿಂದೂಸ್ಥಾನದಲ್ಲಿದ್ದಾಗ ಅವನು ಕೂಡಿಸಿದ ಐಶ್ವರ್ಯವು ಅಪಾರ. ವರ್ಷಕ್ಕೆ ನಲವತ್ತು ಸಾವಿರ ಪೌಂಡುಗಳ ಉತ್ಪನ್ನವಿತ್ತೆಂದು ಪ್ರತೀತಿ. ಅದರಲ್ಲಿ ಬಹುಭಾಗವನ್ನು ದಾನಧರ್ಮಗಳಿಗೆ ವೆಚ್ಚಮಾಡುತ್ತಿದ್ದನೆಂದೂ ಹೇಳುತ್ತಾರೆ. ಮಕ್ಕಳಿರಲಿಲ್ಲ. ಹೆಂಡತಿಯ ಮೊದಲ ಗಂಡನ ಮೊಮ್ಮಗನಾದ ಎಡ್ವರ್ಡ್ ಹ್ಯೂಸ್ ಬಾಲ್ ಎಂಬವನ ಕೈಗೆ ಆಸ್ತಿಯು ಹೋಯಿತು. ಈ ಯುವಕನನ್ನು ಲಂಡನ್ನಿನ ವಿಲಾಸಿಗಳು ‘ಗೋಲ್ಡನ್ ಬಾಲ್’, ಚಿನ್ನದ ಚೆಂಡು, ಎಂದು ಕರೆಯುತ್ತಿದ್ದರು. ಅವನ ಅಂಗಿ, ಅವನ ಕುದುರೆಗಾಡಿ, ಅವನು ಕೈಹಿಡಿದ ಸ್ಪೇನಿನ ನರ್ತಕಿ, ಇವು ಕೆಲವು ಕಾಲ ಆ ಪಟ್ಟಣದ ಮಾತಾಗಿದ್ದುವು. ಚೋಳಮಂಡಲ ತೀರದಿಂದ ಹೋದ ಹಣವು ಜೂಜಿನ ಮೇಜುಗಳ ಮೇಲೆ ಕರಗಿತು. ಸಾಲಗಾರರಿಗೆ ತಲೆತಪ್ಪಿಸಿಕೊಂಡು ಅವನು ಓಡಿಹೋಗಿ ನೆಲಸಿದ ದೇಶವು ಫ್ರಾನ್ಸ್. ಅಲ್ಲಿಯೇ, ಸುಫ್ರೆನನ ನಾಡಿನಲ್ಲಿ, 1863ರಲ್ಲಿ ತೀರಿಕೊಂಡನು.